ರಬ್ಬರಿನ ಕಡೆಯವರು

"ಕೈ ಹಿಂದ ತಗೀಲೇ ಭಾಗಿ. ದೇವರ ಮಾಲ ಅದು. ನಿನ್ನ ಗಂಡನ ಹೆಣದ ಮುಂದ ಹಚ್ಚೂದಲ್ಲ."

ಭಾಗವ್ವ ಕೈ ಹಿಂದೆ ತೆಗೆದಳು. ನೆಲಕ್ಕೆ ಬಿದ್ದಿದ್ದ ಅಗರಬತ್ತಿ ಪ್ಯಾಕೆಟ್ಟನ್ನು ಎತ್ತಿಡಲು ಬಗ್ಗಿದ್ದಳು, ಅಷ್ಟೆ. ಸೂಪರ್‌ವೈಸರ್ ಶ್ರೀಶೈಲ ಅದನ್ನು ಕಾಲಿನಿಂದ ಒದ್ದು ಪ್ಲೈವುಡ್ ಗೋಡೆಯ ಆಚೆಗೆ ಕಳಿಸಿದ.

ಭಾಂಡುಪ್‌ನ ಆ ಕಾರ್ಖಾನೆಯಲ್ಲಿ ಮೊದಲು ಗೋಡೆ ಇರಲಿಲ್ಲ. ಅಲ್ಲಿ ಹವಾಯಿ ಚಪ್ಪಲಿ ಮಾತ್ರ ತಯಾರಾಗುತ್ತಿತ್ತು. ಮಳೆಗಾಲ ಬಂತೆಂದರೆ ಮುಂಬಯಿಯೆಲ್ಲ ಚಪ್ಪಲಿ ಕೊಳ್ಳುತ್ತದೆ, ಮಳೆ ನಿಂತ ಮೇಲೆ ಕೇಳುವವರಿಲ್ಲ. ಆಗ ಪಟ್ಟಿ ಸೇರಿಸುವ ಭಾಗವ್ವನಿಗೂ ಅವಳ ಪಕ್ಕ ಕೂರುವ ಮಹಾದೇವಿಗೂ ಯಂತ್ರ ನಡೆಸುವ ಮರೆಪ್ಪನಿಗೂ ರಜೆ. ರಜೆ ಎಂದರೆ ಕೂಲಿ ಹುಡುಕಿಕೊಂಡು ರಸ್ತೆ ಕೂಡುವ ನಾಕಾದಲ್ಲಿ ನಿಲ್ಲುವುದು.

ಓದು ಮುಗಿಸಿ ಬಂದ ಮಾಲಿಕನ ಮಗ ಅಮಿತ ಒಂದು ದಿನ ಎಲ್ಲರನ್ನೂ ಸೇರಿಸಿ ಹಿಂದಿಯಲ್ಲಿ ಭಾಷಣ ಮಾಡಿದ. ಒಂದೇ ಮಾಲನ್ನು ನಂಬಿದ ಕಂಪನಿ ಒಂಟಿ ಕಾಲಲ್ಲಿ ನಿಂತ ಹಾಗೆ. ಇನ್ನು ಮಳೆಗೆ ಚಪ್ಪಲಿ, ಹಬ್ಬಕ್ಕೆ ಅಗರಬತ್ತಿ. ವರ್ಷವಿಡೀ ಕೆಲಸ. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾಗವ್ವ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಸಂಜೆ ಮನೆಗೆ ಜಿಲೇಬಿ ಒಯ್ದಳು.

ವರ್ಷವಿಡೀ ಕೆಲಸ ಬಂತು. ಗೋಡೆಯೂ ಬಂತು. ಗೋಡೆಯ ಆಚೆ ಕೂರಲು ಹೊಸ ಹೆಂಗಸರು ಬಂದರು.

"ಸಾಹೇಬ್ರ, ನಮ್ಮನ್ನ ಯಾಕ ಆ ಕಡೆ ಹಾಕಲಿಲ್ಲ?" ಎಂದು ಕೇಳಿದಳು ಭಾಗವ್ವ.

"ನಿಮ್ಮ ಕೈಗೆ ರಬ್ಬರ ವಾಸನಿ ಐತಿ. ಕಡ್ಡಿಗೆ ಹತ್ತತೈತಿ," ಎಂದ ಶ್ರೀಶೈಲ.

ಮರುದಿನ ಭಾಗವ್ವ ನಿಂಬೆಹಣ್ಣಿನಿಂದ ಕೈ ಉಜ್ಜಿಕೊಂಡು ಬಂದು ಅಂಗೈ ಚಾಚಿದಳು. "ಮೂಸಿ ನೋಡ್ರಿ."

ಶ್ರೀಶೈಲ ಒಂದು ಹೆಜ್ಜೆ ಹಿಂದೆ ಸರಿದ. "ತೊಳದ್ರ ಹೋಗೂ ವಾಸನಿ ಅಲ್ಲ ನಿಂದು. ನಾನೂ ವಿಜಾಪುರ ಕಡಿಯಾಂವನ. ನಿಮ್ಮ ಕೇರಿ ಯಾವುದಂತ ನನಗ ಗೊತ್ತಿಲ್ಲೇನು?"

ಅಗರಬತ್ತಿ ನಷ್ಟದಲ್ಲಿ ನಡೆಯಿತು. ಆ ನಷ್ಟವನ್ನು ಚಪ್ಪಲಿ ತುಂಬಿಕೊಟ್ಟಿತು. ತುಂಬಿಕೊಡಬೇಕಾದ್ದರಿಂದ ಚಪ್ಪಲಿ ಯಂತ್ರದ ರಿಪೇರಿ ನಿಂತಿತು. ರಿಪೇರಿ ನಿಂತದ್ದರಿಂದ ಮರೆಪ್ಪನ ಎರಡು ಬೆರಳು ಹೋದವು.

"ಕಂಪನಿಗೆ ಇನ್ನೊಂದ ಕಾಲ ಬಂತಲ್ಲ," ಎಂದ ಮರೆಪ್ಪ, ಕೈಗೆ ಬಟ್ಟೆ ಸುತ್ತಿಕೊಳ್ಳುತ್ತ. "ಎಲ್ಲಿಂದರ ಬರಬೇಕಿತ್ತು."

ದೀಪಾವಳಿಗೆ ಮುಲುಂಡ್‌ನ ಒಬ್ಬ ವ್ಯಾಪಾರಿಯಿಂದ ದೊಡ್ಡ ಆರ್ಡರ್ ಬಂತು. ಅದೇ ಹೊತ್ತಿಗೆ ಆಚೆ ಕಡೆಯ ಹೆಂಗಸರು ಬೇರೆ ಕಡೆ ಒಳ್ಳೆಯ ಪಗಾರ ಸಿಕ್ಕಿತೆಂದು ಬಿಟ್ಟುಹೋದರು. ಶ್ರೀಶೈಲ ಶಟರ್ ಎಳೆದು ರಬ್ಬರಿನ ಕಡೆಯವರನ್ನು ಒಳಗೆ ಕರೆದ. ಚಪ್ಪಲಿ ಹೊರಗೆ ಬಿಡಿಸಿದ. ಬಕೆಟ್ಟಿನ ಅರಿಶಿನ ನೀರಲ್ಲಿ ಕೈ ಅದ್ದಿಸಿದ.

"ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ."

"ಮತ್ತ ನಮ್ಮ ವಾಸನಿ?" ಎಂದಳು ಮಹಾದೇವಿ.

"ಅರ್ಜೆಂಟ್ ಐತಿ, ಕುಂದ್ರ ಸುಮ್ಕ."

ಅವರು ಕಡ್ಡಿ ಹೊಸೆದರು. 'ಶುದ್ಧ ಹಸ್ತಗಳಿಂದ' ಎಂದು ಅಚ್ಚಾಗಿದ್ದ ಡಬ್ಬಿಗಳಿಗೆ ತುಂಬಿದರು. ಆ ದಿನಗಳಲ್ಲಿ ಭಾಗವ್ವ ಉಂಡ ರೊಟ್ಟಿಯೂ ಗಂಧದ ವಾಸನೆ ಹೊಡೆಯುತ್ತಿತ್ತು. ಅವಳಿಗೆ ಅದು ಹಿಡಿಸಿತು. ಹಿಡಿಸಿತೆಂದು ನಾಚಿಕೆಯೂ ಆಯಿತು.

ಮಾಲು ಚೆನ್ನಾಗಿ ಹೋಯಿತು. ವ್ಯಾಪಾರಿ ವರ್ಷದ ಕರಾರು ಮಾಡಿಕೊಳ್ಳಲು ಭಟ್ಟರನ್ನೂ ಕರೆದುಕೊಂಡು ಬಂದ. ಪೂಜೆಗೆ ಮೊದಲು ಶ್ರೀಶೈಲ ಗೋಡೆಯ ಈಚೆ ಬಂದು ದನಿ ತಗ್ಗಿಸಿ ಹೇಳಿದ:

"ಅಮಿತ ಸಾಹೇಬ್ರು ಚಪ್ಪಲಿ ಬಂದ್ ಮಾಡಾಕತ್ತಾರ. ಲಾಭ ಇಲ್ಲಂತ. ಇವತ್ತಿನ ಮಾಲ ಮುಗಿಸಿ ಹೋಗ್ರಿ, ನಾಳಿಂದ ಬರಬ್ಯಾಡ್ರಿ."

"ಕಡ್ಡಿ ಕೆಲಸಕ್ಕ?" ಎಂದಳು ಭಾಗವ್ವ.

"ಅದಕ್ಕ ಬ್ಯಾರೆ ಮಂದಿ ಬರತಾರ. ಪೂಜಿ ಮುಗಿಯೂತನಾ ನಿಮ್ಮ ಮಾರಿ ಆ ಕಡಿ ತೋರಸಬ್ಯಾಡ್ರಿ."

ಭಾಗವ್ವ ಕೈಲಿದ್ದ ಪಟ್ಟಿಯನ್ನು ಕೆಳಗಿಟ್ಟಳು. ಎದ್ದು ಗೋಡೆ ದಾಟಿದಳು. ಭಟ್ಟರು ಒಂದು ಹಿಡಿ ಕಡ್ಡಿ ಹೊತ್ತಿಸಿ ದೇವರ ಫೋಟೊದ ಮುಂದೆ ಸುತ್ತಿಸುತ್ತಿದ್ದರು.

"ಆ ಕಡ್ಡಿ ನಾವು ಹೊಸೆದದ್ದು, ಭಟ್ಟರ," ಎಂದಳು. "ನಾವು ಸಮಗಾರರು."

ಭಟ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಅಮಿತ ನಗುತ್ತ ಶ್ರೀಶೈಲನ ಕಡೆ ನೋಡಿದ. "ಕ್ಯಾ ಬೋಲ್ ರಹೀ ಹೈ?"

"ಖುಷಬೂ ಅಚ್ಛೀ ಹೈ, ಬೋಲ್ತೀ ಹೈ," ಎಂದು ಅವಳು ಪರಿಮಳ ಹೊಗಳಿದಂತೆ ತಿರುಗಿಸಿದ ಶ್ರೀಶೈಲ.

ಎಲ್ಲರೂ ಮೆಚ್ಚಿ ನಕ್ಕರು. ವ್ಯಾಪಾರಿ ಒಂದು ಪೇಢೆ ತೆಗೆದು ಅವಳ ಕಡೆ ಚಾಚಿದ. ಭಾಗವ್ವ ಕೈ ಒಡ್ಡಲಿಲ್ಲ.

"ಭಾಡ್ಯಾ, ನಾ ಅಂದದ್ದ ಅದಲ್ಲ," ಎಂದಳು ಶ್ರೀಶೈಲನಿಗೆ.

ಈಚೆ ಕಡೆ ಮರೆಪ್ಪ ಯಂತ್ರ ನಿಲ್ಲಿಸಿದ. ಕಾರ್ಖಾನೆ ಇದ್ದಕ್ಕಿದ್ದಂತೆ ಗಪ್ಪಾಯಿತು. ಭಾಗವ್ವ ಭಟ್ಟರ ಕಡೆ ತಿರುಗಿ ತಾನು ಹೇಳಿದ್ದನ್ನೇ, ಒಂದು ಮಾತೂ ಬಿಡದೆ, ಹಿಂದಿಯಲ್ಲಿ ಹೇಳಿದಳು.

ಭಟ್ಟರು ಕಡ್ಡಿಗಳನ್ನು ದೇವರ ಮುಂದೆ ಸಿಕ್ಕಿಸಲೂ ಇಲ್ಲ, ಬಿಸಾಡಲೂ ಇಲ್ಲ. ಕೈ ಚಾಚಿ ಹಿಡಿದೇ ನಿಂತರು. ಬೆಂಕಿ ನಿಧಾನವಾಗಿ ಅವರ ಬೆರಳುಗಳ ಕಡೆಗೆ ಇಳಿಯುತ್ತಿತ್ತು.