ಉಪನಾಯಕ ಮುಕಾತ್ರನ ಮೂರು ಕಾಯಿಲೆಗಳು

"ಚಟ್ಟ ಮುಂದಕ್ಕೆ ತನ್ನಿ," ಎಂದು ಕಾಲ್ವಿನಸ್ ಎರಡನೆಯ ಸಲ ಹೇಳಿದ. ಹೊತ್ತಿದ್ದ ನಾಲ್ವರೂ ಕದಲಲಿಲ್ಲ. ಎಂಬತ್ತು ಜನರ ತುಕಡಿ ಕೋಟೆಯ ಹೆಬ್ಬಾಗಿಲಲ್ಲಿ ಸಾಲುಗಟ್ಟಿ ನಿಂತಿತ್ತು. ಒಬ್ಬನೂ ಅವನ ಮುಖ ನೋಡಲಿಲ್ಲ.

ಆ ಚಳಿಯಲ್ಲೂ ಕಾಲ್ವಿನಸ್‌ನ ಬೆನ್ನಲ್ಲಿ ಬೆವರು ಇಳಿಯಿತು. ರೋಮನ್ ದಂಡಿನ ಈ ತುಕಡಿಯ ಶತಾಧಿಪತಿಯಾಗಿ ಅವನು ದಾನೂವಿಯಸ್ ನದಿಯ ದಂಡೆಗೆ ಬಂದು ನಾಲ್ಕೇ ತಿಂಗಳು. ವಯಸ್ಸು ಇಪ್ಪತ್ತಮೂರು. ಸೋದರಮಾವ ಪ್ರಾಂತಾಧಿಕಾರಿಗೆ ಬರೆದ ಒಂದು ಓಲೆಯಿಂದ ಸಿಕ್ಕ ಹುದ್ದೆ ಅದು. ಜ್ವರ ಬಂದು ಸತ್ತು ಚಟ್ಟದ ಮೇಲೆ ಮಲಗಿದ್ದ ಮುಕಾತ್ರನೋ, ಹದಿನೇಳು ವರ್ಷ ಉಪನಾಯಕನಾಗಿಯೇ ಸವೆದವನು. ಆ ಹುದ್ದೆ ನ್ಯಾಯವಾಗಿ ಮುಕಾತ್ರನದು ಎಂದು ಕಾಲ್ವಿನಸ್‌ಗೇ ಅನ್ನಿಸುತ್ತಿತ್ತು. ಸೈನಿಕರಿಗೆ ಅನ್ನಿಸದೆ ಇರುತ್ತದೆಯೇ? ಹೋದ ಸುಗ್ಗಿಯಲ್ಲಿ ಕೆಳಗಿನ ಕೋಟೆಯ ಶತಾಧಿಪತಿಯೊಬ್ಬನನ್ನು ಅವನ ಜನರೇ ಸ್ನಾನದ ಮನೆಯಲ್ಲಿ ಮುಗಿಸಿದ್ದರು. ಇವತ್ತು ನನ್ನ ಸರದಿ, ಅಂದುಕೊಂಡ.

ಧ್ವಜ ಹಿಡಿದಿದ್ದ ದಾಸಿಯ ಎಂಬ ಮುದುಕ ಗಂಟಲು ಸರಿಮಾಡಿಕೊಂಡ. "ಸಿಟ್ಟಾಗ್ಬೇಡಿ ಧಣಿ. ಶತಾಧಿಪತಿ ಮುಂದೆ, ಉಪನಾಯಕ ಕಟ್ಟಕಡೇಲಿ. ಅದೇ ಅಲ್ವಾ ಕ್ರಮ? ಬೆನ್ನ ಹಿಂದೆ ಮುಕಾತ್ರಣ್ಣ ಇಲ್ದಿದ್ರೆ ಈ ನನ್ಮಕ್ಳಿಗೆ ಹೆಜ್ಜೆ ಎತ್ತಕ್ಕೇ ಬರಲ್ಲ."

"ಸತ್ತ ಮೇಲೂನಾ?"

"ಇಷ್ಟು ವರ್ಷ ಹಿಂದಿನಿಂದ ಕೋಲಲ್ಲಿ ತಿವಿದೋನು, ಸತ್ತ ಅಂತ ಸುಮ್ನಿರ್ತಾನಾ?" ಎಂದು ಸಾಲಿನೊಳಗಿಂದ ಒಬ್ಬ ಅಂದ. ಒಂದಿಬ್ಬರು ನಕ್ಕರು, ಒಬ್ಬ ಮೂಗು ಒರೆಸಿಕೊಂಡ.

ಚಟ್ಟ ಹಿಂದಕ್ಕೆ ಹೋಯಿತು. ತುಕಡಿ ತಟ್ಟನೆ ಹೆಜ್ಜೆ ಹಾಕಿತು. ಕಾಲ್ವಿನಸ್‌ಗೆ ಅರ್ಧ ಜೀವ ಬಂತು. ಇನ್ನರ್ಧ ಬರಲಿಲ್ಲ. ಚಿತೆಗೆ ಮೂರು ಸುತ್ತು ಬರುವಾಗ ಎಂಬತ್ತು ಜೋಡಿ ಕಣ್ಣು ತನ್ನ ಕತ್ತಿನ ಮೇಲೇ ಇವೆ ಎಂದು ಅವನಿಗೆ ಅನ್ನಿಸುತ್ತಲೇ ಇತ್ತು.

ಮಧ್ಯಾಹ್ನ ಸುರಿಲ್ಲಾಳ ಮನೆಯಲ್ಲಿ ಸಾವಿನ ಊಟ. ಸೈನಿಕನಿಗೆ ಮದುವೆ ನಿಷಿದ್ಧ, ಹಾಗಾಗಿ ದಂಡಿನ ಕಡತದಲ್ಲಿ ಅವಳು ಮುಕಾತ್ರನಿಗೆ ಏನೂ ಅಲ್ಲ. ಆದರೂ ಇಪ್ಪತ್ತು ವರ್ಷ ಅವನ ಒಲೆ ಹೊತ್ತಿಸಿದವಳು, ಅವನ ಮಗಳನ್ನು ಹೆತ್ತವಳು. ದಾಸಿಯ ಮತ್ತು ಏಳು ಜನ ಹಳಬರು ಬಂದಿದ್ದರು. ಕಾಲ್ವಿನಸ್ ಬಾಗಿಲ ಬಳಿಯೇ, ಗೋಡೆಗೆ ಬೆನ್ನು ಕೊಟ್ಟು ಕೂತ.

"ಒಳಗೆ ಬಾಪ್ಪಾ. ಆ ಟೊಪ್ಪಿಗೆ ತೆಗಿ, ಅದ್ರ ಗರಿ ಗಂಜಿಗೆ ಬಿದ್ದೀತು," ಅಂದಳು ಸುರಿಲ್ಲಾ.

ಅವನಿಗೆ ತಡೆದುಕೊಳ್ಳಲಾಗಲಿಲ್ಲ. "ಅಮ್ಮಾ, ಆತನ ಜಾಗ ನಾನು ಕಿತ್ಕೊಂಡೆ. ನಿಮ್ಗೂ ಗೊತ್ತು, ಇವ್ರಿಗೂ ಗೊತ್ತು. ಏನ್ ಮಾಡ್ಬೇಕು ಅಂತಿದೀರೋ ಮಾಡ್ಬಿಡಿ."

ಸುರಿಲ್ಲಾ ಸೌಟು ಹಿಡಿದೇ ದಾಸಿಯನ ಕಡೆ ತಿರುಗಿದಳು. "ಈ ಹುಡುಗನಿಗೆ ಯಾರೂ ಹೇಳೇ ಇಲ್ವೇನ್ರೋ?"

*

ಒಂಬತ್ತು ವರ್ಷದ ಹಿಂದೆ ಒಂದು ದಿನ ಮುಕಾತ್ರ ದಂಡನಾಯಕರ ಕಚೇರಿಯಿಂದ ಮುಖ ಸಪ್ಪೆ ಮಾಡಿಕೊಂಡು ಬಂದಿದ್ದ.

"ಶತಾಧಿಪತಿ ಮಾಡ್ತಾರಂತೆ," ಅಂದ.

"ಅದಕ್ಕೆ ಯಾಕೆ ಈ ಮೋರೆ?" ಎಂದಳು ಸುರಿಲ್ಲಾ.

"ಇಲ್ಲಿ ಅಲ್ಲ ಕಣೇ. ಸಿರಿಯಾದ ದಂಡಿನಲ್ಲಿ."

ಬಡ್ತಿ ಕೊಟ್ಟವನನ್ನು ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಎತ್ತಿಹಾಕುವುದು ದಂಡಿನ ಪದ್ಧತಿ. ಸುರಿಲ್ಲಾ ಆಗಲೇ ಮಡಕೆಗಳನ್ನು ಹುಲ್ಲಿನಲ್ಲಿ ಸುತ್ತತೊಡಗಿದ್ದಳು. ಸಿರಿಯಾದಲ್ಲಿ ಬಿಸಿಲಿದೆ ಎಂದು ಅವಳಿಗೆ ಖುಷಿ.

"ಮುಂದೆ ನಿಂತ್ರೆ ನಂಗೆ ಶತ್ರು ಬಿಟ್ಟು ಯಾರೂ ಕಾಣಲ್ಲ. ಹಿಂದಿದ್ರೆ ಎಲ್ರೂ ಕಾಣ್ತಾರೆ. ಯಾರಿಗೆ ಕಾಲು ನಡುಗ್ತಿದೆ, ಯಾರು ಉಂಡಿಲ್ಲ, ಎಲ್ಲಾ," ಅಂದ ಮುಕಾತ್ರ. ಮರುದಿನ ಹೋಗಿ ಮಂಡಿನೋವು, ಬಡ್ತಿ ಬೇಡ ಎಂದು ಹೇಳಿ ಬಂದ. ಅವಳು ಎರಡು ದಿನ ಮಾತು ಬಿಟ್ಟಳು. ಎರಡನೆಯ ಸಲ ಕರೆದಾಗ ಹಲ್ಲುನೋವು. ಮೂರನೆಯ ಸಲ ಕಿವಿ. ಮುಂದಿನ ಸಲ ಎಲ್ಲಿ ನೋಯುತ್ತೆ ಎಂದು ದಂಡನಾಯಕರೇ ಕೇಳಿದರಂತೆ, ಆಮೇಲೆ ಕರೆಯಲಿಲ್ಲ.

*

"ನಿನ್ನ ವಿಷ್ಯಾನೂ ಹೇಳಿದ್ದ," ಅಂದಳು ಸುರಿಲ್ಲಾ. "ಹುಡುಗ ಪರವಾಗಿಲ್ಲ, ಬೆತ್ತ ಹಿಡಿಯಕ್ಕೇ ಬರಲ್ಲ, ಇನ್ನು ಹೊಡೆಯೋದೆಲ್ಲಿ ಬಂತು ಅಂತ."

"ಹಿಂದಿನ ಶತಾಧಿಪತಿ ಪುಣ್ಯಾತ್ಮ ವಾರಕ್ಕೆ ಮೂರು ಬೆತ್ತ ಮುರೀತಿದ್ದ, ನಮ್ಮ ಬೆನ್ನ ಮೇಲೇ," ಎಂದ ದಾಸಿಯ. "ನಿಜ ಹೇಳ್ಬೇಕಂದ್ರೆ ಭಯ ಬಿದ್ದಿದ್ದು ನಾವು, ನೀವು ಹೋಗಿ ಮತ್ತೆ ಅಂಥೋನೇ ಬಂದ್ರೆ ಅಂತ. ಸಂಜೆ ಆದ್ರೆ ಬಾಗ್ಲಿಗೆ ಅಗಳಿ ಹಾಕ್ಕೊತೀರಿ. ಹುಡುಗ ಗಂಟುಮೂಟೆ ಕಟ್ತಿದಾನೆ, ರೋಮ್‌ಗೆ ಓಡಿಹೋಗ್ತಾನೆ ಅಂತ ಮುಕಾತ್ರಣ್ಣನಿಗೂ ಚಿಂತೆ ಹತ್ತಿತ್ತು."

ಕಾಲ್ವಿನಸ್ ನಗಲು ಹೋದ. ಕಣ್ಣಲ್ಲಿ ನೀರು ಬಂತು. ಎದ್ದು ಬಂದು ಮೇಜಿಗೆ ಕೂತು ಒಂದು ಬಟ್ಟಲು ಗಂಜಿಯನ್ನು ಗಟಗಟ ಕುಡಿದ. ಸುರಿಲ್ಲಾ ಇನ್ನೊಂದು ತುಂಬಿಸಿ ತರುವಷ್ಟರಲ್ಲಿ ಅವನು ಬಾಯಿ ತೆರೆದುಕೊಂಡು, ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ.

ದಾಸಿಯ ತನ್ನ ತುಟಿಯ ಮೇಲೆ ಬೆರಳಿಟ್ಟ. ಎಂಟೂ ಜನ ಹೊಸ್ತಿಲ ಮೇಲೆ ಒಬ್ಬೊಬ್ಬರಾಗಿ ಕೂತು ಮೊಳೆ ಹೊಡೆದ ತಮ್ಮ ಜೋಡುಗಳನ್ನು ಬಿಚ್ಚಿದರು. ಅವನ್ನು ಕಂಕುಳಲ್ಲಿ ಅವುಚಿಕೊಂಡು, ಬರಿಗಾಲಲ್ಲಿ, ಹಿಮ ತುಳಿಯುತ್ತ ಕೋಟೆಯ ಕಡೆ ನಡೆದರು.