ಗುಜರಿಗೆ ಹೋದ ಮೂರು ಪೆಟ್ಟಿಗೆಗಳು

ನಮ್ಮ ಓಣಿಯಲ್ಲಿ ಲಾಂಡ್ರಿಯ ಹಿಂಬದಿಗೆ ಬಂದರೆ ಮುಖಕ್ಕೆ ರಪ್ಪನೆ ಬಿಸಿ ಹೊಡೆಯುತ್ತದೆ. ಇಸ್ತ್ರಿಯ ಬಾಯ್ಲರಿನಿಂದ ಬಂದ ಕೊಳವೆ ಬೀದಿಗೆ ಬಾಯಿ ಬಿಟ್ಟುಕೊಂಡು ಬುಸುಬುಸು ಆವಿ ಬಿಡುತ್ತಿರುತ್ತದೆ. ಒಳಗೆ ಹೋಗಿ ನೋಡಿ, ಬಟ್ಟೆ ಒಗೆಯುವ ನೀರು ಕಾಯಿಸಲು ಬೇರೆ ಗ್ಯಾಸು ಉರಿಯುತ್ತಿರುತ್ತದೆ. ಇದ್ದ ಬಿಸಿ ಬೀದಿಪಾಲು, ಮತ್ತೆ ಬಿಸಿಗೆ ಗ್ಯಾಸು! ಪಕ್ಕದಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಾನು ಬೈದು, ಬೆವರು ಒರೆಸಿಕೊಂಡು ಸುಮ್ಮನಾಗಿದ್ದೆ. ಸುಮ್ಮನಾಗದವಳು ಲಾಂಡ್ರಿಯಮ್ಮನ ಮಗಳು.

ಇಂಜಿನಿಯರಿಂಗ್ ಮುಗಿಸಿ ಬಂದವಳೇ ಹಿತ್ತಲ ಶೆಡ್ಡಿಗೆ ನುಗ್ಗಿದಳು. ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಸುತ್ತಿ ಸುತ್ತಿ ಹೋಗುವ ತಾಮ್ರದ ಕೊಳವೆ. ಪೋಲಾಗುವ ಆವಿಯನ್ನು ಪೆಟ್ಟಿಗೆಗೆ ಬಿಟ್ಟರೆ ಕೊಳವೆಯೊಳಗಿನ ತಣ್ಣೀರು ಬಿಸಿಯಾಗಿ ಹೊರಬರಬೇಕು. ಮೊದಲನೆಯದರ ಬೆಸುಗೆ ಬಿಟ್ಟು ಸೋರಿತು. ಎರಡನೆಯದು ಬಿರುಕು ಬಿಟ್ಟಿತು. ಮೂರನೆಯದು ಢಮ್ ಎಂದಾಗ ನಾನು ಬೆಚ್ಚಿಬಿದ್ದೆ, ಅಂಗಿಯ ತೋಳಿಗೆ ಹಾಕುತ್ತಿದ್ದ ಹೊಲಿಗೆ ಕಾಲರಿನವರೆಗೂ ಓಡಿತು. ನಾಲ್ಕನೆಯದು ಸದ್ಯಕ್ಕೆ ನಿಂತಿದೆ, ಆದರೆ ಎಷ್ಟು ದಿನ ನಿಲ್ಲುತ್ತದೋ ಯಾರಿಗೂ ಗೊತ್ತಿಲ್ಲ.

"ಇದೇ ಕೊನೆ ಕಣೇ," ಎಂದಳು ಲಾಂಡ್ರಿಯಮ್ಮ. "ಇನ್ನು ಈ ಆಟಕ್ಕೆ ದುಡ್ಡು ಸುರಿಯೋಕೆ ನನ್ನ ಕೈಲಿ ಆಗಲ್ಲ. ಶೆಡ್ಡು ಬಾಡಿಗೆಗೆ, ನೀನು ಕೌಂಟರಿಗೆ."

ಮಗಳ ಮುಖ ಸಪ್ಪಗಾಯಿತು. ಆ ಹೊತ್ತಿಗೆ ಸರಿಯಾಗಿ ಬಟ್ಟೆ ತೆಗೆದುಕೊಂಡು ಹೋಗಲು ಲ್ಯಾಬ್ ಅಕ್ಕ ಬಂದರು. ಯಂತ್ರಗಳನ್ನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸ. ವಿಷಯ ಕೇಳಿ ಹುಡುಗಿಯ ಕಡೆ ತಿರುಗಿದರು.

"ಇಂಧನ ಉಳಿಸೋ ಹೊಸ ಯೋಚನೆಗೆ ಸರ್ಕಾರದ ಸಂಶೋಧನಾ ಅನುದಾನ ಇದೆ. ನಿನ್ನಂಥ ಹೊಸಬರಿಗೆ ಅಂತಲೇ ಇರೋದು. ನಿನ್ನ ವಯಸ್ಸಲ್ಲಿ ನಾನೂ ತಗೊಂಡಿದ್ದೆ. ಅರ್ಜಿ ಹಾಕು."

"ಅಯ್ಯಯ್ಯೋ, ಸರ್ಕಾರದ ಸಾಲಾನಾ?" ಲಾಂಡ್ರಿಯಮ್ಮ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದವಳು ಹಾಗೇ ನಿಂತಳು. "ಕಟ್ಟೋಕಾಗ್ದಿದ್ರೆ ಬಾಯ್ಲರ್ ಎತ್ಕೊಂಡು ಹೋಗ್ತಾರಷ್ಟೇ!"

"ಸಾಲ ಅಲ್ಲಮ್ಮಾ, ಅನುದಾನ. ಹೇಳಿದ ಕೆಲಸಕ್ಕೇ ಖರ್ಚು ಮಾಡಿ, ಸರಿಯಾಗಿ ಲೆಕ್ಕ ಒಪ್ಪಿಸಬೇಕು. ಸಾಲದ ಥರ ಕಂತು ಕಟ್ಟೋದಿಲ್ಲ."

"ಕೆಲಸ ಕೈಕೊಟ್ರೆ?"

"ಮನಸ್ಸಿಟ್ಟು ಮಾಡಿಯೂ ಕೈಕೊಟ್ರೆ, ಯಾಕೆ ಕೈಕೊಡ್ತು ಅಂತ ವರದಿ ಕೊಡ್ತಾಳೆ. ಅದೂ ಸಂಶೋಧನೆಯೇ."

"ಕೆಟ್ಟುಹೋಗಿದ್ದಕ್ಕೂ ದುಡ್ಡಾ!" ಎಂದಳು ಲಾಂಡ್ರಿಯಮ್ಮ. ನಾನಂತೂ ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ಬೀಳಿಸಿಬಿಟ್ಟೆ.

ಅರ್ಜಿ ಬರೆಯುವಾಗ ಲ್ಯಾಬ್ ಅಕ್ಕ ಪಕ್ಕದಲ್ಲೇ ಕೂತಿದ್ದರು. "ಯಾರ ಕಷ್ಟ ತೀರತ್ತೆ ಹೇಳು. ಏನು ಗೊತ್ತಾಗಿದೆ, ಏನು ಗೊತ್ತಾಗಿಲ್ಲ ಹೇಳು. ಗೊತ್ತಿಲ್ಲದ್ದನ್ನ ಹೇಗೆ ಪರೀಕ್ಷೆ ಮಾಡ್ತೀಯ ಅದನ್ನೂ ಹೇಳು. ನಿಮ್ಮಮ್ಮನಿಗೆ ಅರ್ಥ ಆಗೋ ಹಾಗಿರ್ಲಿ, ಸಾಕು." ಹುಡುಗಿ ಹಾಗೇ ಬರೆದು, ಕೊನೆಯ ದಿನದವರೆಗೆ ಕಾಯದೆ ಕಳಿಸಿದಳು. ಮೊದಲ ಸುತ್ತು ದಾಟಿತು! ಯಂತ್ರ ನೋಡಲು ತಜ್ಞರು ಇಲ್ಲಿಗೇ ಬರುತ್ತಾರೆಂದು ಸುದ್ದಿ ಬಂತು.

ಅವರು ಬರುವ ಹಿಂದಿನ ದಿನ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಮಗಳು ಲ್ಯಾಬ್ ಅಕ್ಕನ ಜೊತೆ ಹೊರಗೆ ಹೋಗಿದ್ದಳು. ಲಾಂಡ್ರಿಯಮ್ಮ ಮೊದಲೇ ಕಲೆ ಕಂಡರೆ ಆಗದ ಜೀವ, ಜೀವನವೆಲ್ಲ ಕಲೆ ತೆಗೆದೇ ಬದುಕಿದವಳು. ನೆಂಟರು ಬರುವ ಮನೆಯ ಹಾಗೆ ಶೆಡ್ಡನ್ನು ಗುಡಿಸಿದಳು, ತೊಳೆದಳು, ನಾಲ್ಕನೆಯ ಪೆಟ್ಟಿಗೆಯನ್ನು ಒರೆಸಿ ಒರೆಸಿ ಕನ್ನಡಿ ಮಾಡಿದಳು.

ಮಗಳು ಬಂದು ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು.

"ಅಮ್ಮಾ, ಹಳೇ ಪೆಟ್ಟಿಗೆಗಳೆಲ್ಲಿ?"

"ಆ ಕರಕಲು ಮುಖಗಳಾ? ಗುಜರಿಗೆ ಹಾಕ್ದೆ. ದೊಡ್ಡೋರು ಬಂದಾಗ ಕೆಟ್ಟಿದ್ದೆಲ್ಲ ಕಣ್ಣಿಗೆ ಬಿದ್ರೆ ಮರ್ಯಾದೆ ಉಳಿಯತ್ತಾ? ಮೊದಲನೇ ಸಲಕ್ಕೇ ಸರಿಯಾಯ್ತು ಅಂತ ಹೇಳ್ಬಿಡು."

ಹುಡುಗಿಯ ಮುಖದಲ್ಲಿ ರಕ್ತವೇ ಇಲ್ಲ. "ಅಮ್ಮಾ... ಅವು ಯಾಕೆ ಒಡೆದ್ವು, ಎಲ್ಲಿ ಒಡೆದ್ವು ಅನ್ನೋದೇ ನನ್ನ ಸಂಶೋಧನೆ. ಅವರು ಬರ್ತಿರೋದೇ ಅದನ್ನ ನೋಡೋಕೆ."

ಲಾಂಡ್ರಿಯಮ್ಮನಿಗೆ ಗರ ಬಡಿದಂತಾಯಿತು. "ಅಯ್ಯೋ ದೇವರೇ, ನನ್ನ ಕೈಗೆ ಏನು ಬಂದಿತ್ತು!" ಎಂದವಳು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದಳು. ನಾವು ಅವಳ ಹಿಂದೆ ಓಡಿದೆವು. ನನ್ನ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಗುಜರಿ ಅಂಗಡಿ ತಲುಪುವ ಮೊದಲೇ ಠಣ್ ಠಣ್ ಕೇಳಿಸಿತು.

"ನಿಲ್ಸೋ! ನಿಲ್ಸೋ ಮಹಾರಾಯ!"

ಗುಜರಿಯವನು ಸುತ್ತಿಗೆ ಎತ್ತಿದ್ದವನು ಹಾಗೇ ನಿಂತ. ಒಂದು ಪೆಟ್ಟಿಗೆ ಚಪ್ಪಟೆಯಾಗಿತ್ತು. ಉಳಿದೆರಡು ಪುಣ್ಯಕ್ಕೆ ಹಾಗೇ ಇದ್ದವು. "ಆಗ ಕಸ, ಈಗ ಚಿನ್ನಾನಾ?" ಎಂದು ನಗುತ್ತಲೇ ಮೂರನ್ನೂ ಗಾಡಿಗೆ ಹಾಕಿಕೊಟ್ಟ. ಲಾಂಡ್ರಿಯಮ್ಮನ ಕಣ್ಣಲ್ಲಿ ಮಾತ್ರ ನೀರು. ಮಗಳು ಅಮ್ಮನ ಕೈ ಹಿಡಿದುಕೊಂಡೇ ಮನೆಗೆ ಬಂದಳು, ಒಂದು ಮಾತೂ ಬೈಯಲಿಲ್ಲ.

ಮರುದಿನ ಇಸ್ತ್ರಿ ಮೇಜಿನ ಮೇಲೆ ಬಿಳೀ ಹೊದಿಕೆ ಹಾಸಿ ಮೂರನ್ನೂ ಇಟ್ಟರು. ತಜ್ಞರು ಬಂದರು. ಫಳಫಳ ಹೊಳೆಯುವ ನಾಲ್ಕನೆಯದನ್ನು ಬೇಗ ನೋಡಿ ಮುಗಿಸಿ, ಆ ಕರಕಲುಗಳ ಮುಂದೆ ನಿಂತವರು ನಿಂತೇ ಇದ್ದರು. ಬೆಸುಗೆ ಮುಟ್ಟಿ ನೋಡಿದರು, ಬಿರುಕಿನ ಫೋಟೋ ತೆಗೆದರು. ಅವರಲ್ಲಿ ಹಿರಿಯರಾದ ಮೇಡಂ ಒಬ್ಬರು ಚಪ್ಪಟೆಯಾಗಿದ್ದನ್ನು ಎತ್ತಿಕೊಂಡರು.

"ಇದೇನು ಹೀಗೆ ಜಜ್ಜಿಹೋಗಿದೆ? ಆವಿಯ ಒತ್ತಡಕ್ಕಾ?"

ಲಾಂಡ್ರಿಯಮ್ಮ ನನ್ನ ತೋಳು ಹಿಂಡಿದಳು. ಹೌದು ಅಂದುಬಿಡೇ ಅಂತ ನನ್ನ ಮನಸ್ಸೂ ಕೂಗುತ್ತಿತ್ತು.

"ಅಲ್ಲ ಮೇಡಂ," ಎಂದಳು ಹುಡುಗಿ. "ಅದು ಗುಜರಿಯವನ ಸುತ್ತಿಗೆ ಪೆಟ್ಟು. ನಿನ್ನೆ ಗೊತ್ತಿಲ್ಲದೆ ಗುಜರಿಗೆ ಹೋಗಿತ್ತು. ಒತ್ತಡಕ್ಕೆ ಆಗಿದ್ದು ಈ ಅಂಚಿನ ಬಿರುಕು ಮಾತ್ರ."

ಮುಗಿಯಿತು ಕಥೆ ಅಂದುಕೊಂಡು ನಾನು ಕಣ್ಣು ಮುಚ್ಚಿದೆ.

"ಇದನ್ನ ಮುಚ್ಚಿಡಲಿಲ್ಲವಲ್ಲ," ಎಂದರು ಮೇಡಂ. "ಹಾಗಾದ್ರೆ ಈ ಬಿರುಕಿನ ಬಗ್ಗೆ ನೀವು ಹೇಳೋದನ್ನೂ ನಾವು ನಂಬಬಹುದು."

ಅನುದಾನ ಮಂಜೂರಾಯಿತು! ಸುದ್ದಿ ಕೇಳಿ ಲಾಂಡ್ರಿಯಮ್ಮ ಎಷ್ಟು ದಂಗಾದಳೆಂದರೆ ಇಸ್ತ್ರಿ ಮಾಡಿದ ಅಂಗಿಯನ್ನೇ ಮತ್ತೆ ಇಸ್ತ್ರಿ ಮಾಡುತ್ತಿದ್ದಳು. ಶೆಡ್ಡು ಬಾಡಿಗೆಗೆ ಹೋಗಲಿಲ್ಲ. ನಾಲ್ಕನೆಯ ಪೆಟ್ಟಿಗೆ ಪರೀಕ್ಷೆಗೆಂದು ಲ್ಯಾಬ್ ಅಕ್ಕನ ಪ್ರಯೋಗಾಲಯಕ್ಕೆ ಹೋಗಿದೆ, ಐದನೆಯದು ತಯಾರಾಗುತ್ತಿದೆ.

ಮೊನ್ನೆ ಗುಜರಿಯವನು ಬಾಗಿಲಿಗೆ ಬಂದು ಕೂಗಿದ. "ಅಮ್ಮಾ, ಕೆಟ್ಟಿರೋ ಸಾಮಾನು ಇದ್ಯಾ?"

ಲಾಂಡ್ರಿಯಮ್ಮ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಳು. "ಬೇಕಾದಷ್ಟಿದೆ. ಒಂದನ್ನೂ ಕೊಡಲ್ಲ, ಹೋಗಯ್ಯಾ!"

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಇಂಥ ಒಂದು ತಲೆ ಇರಬಹುದು. ಬೆಳಕು, ಬಿಸಿ, ಇಂಧನ ಉಳಿಸಲು ಮೂಲೆಯಲ್ಲಿ ಕೂತು ಒದ್ದಾಡುತ್ತಿರಬಹುದು. ಸರ್ಕಾರದ ಅನುದಾನ ಅಂದಕೂಡಲೇ ಹೆದರಬೇಡಿ. ಪ್ರಕಟಣೆಯನ್ನೂ ಷರತ್ತುಗಳನ್ನೂ ಪೂರ್ತಿ ಓದಿ, ಅರ್ಥವಾಗದಿದ್ದರೆ ಅನುದಾನ ಕೊಡುವ ಇಲಾಖೆಯವರನ್ನೇ ಕೇಳಿ. ನಾನು ಮಾಡಿಸಿಕೊಡುತ್ತೇನೆ ಎಂದು ಕೈಚಾಚುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಆಗದ್ದನ್ನು ಆಗಿಲ್ಲ ಎಂದೇ ಬರೆಯಿರಿ. ಮತ್ತೆ ಇವತ್ತು ಮನೆ ಗುಡಿಸುವಾಗ ಆ ಮೂಲೆಯ ಹತ್ತಿರ ಸ್ವಲ್ಪ ನಿಲ್ಲಿ. ಪೊರಕೆ ಪಕ್ಕಕ್ಕಿಟ್ಟು, "ಇದು ಯಾಕೆ ಕೆಟ್ಟಿತು ಹೇಳು" ಎಂದು ಒಮ್ಮೆ ಕೇಳಿ.