ಹೊದ್ದದ್ದೋ, ಬರಿಮೈಯದ್ದೋ

ನನ್ನ ಗಂಡ ನನಗೋಸ್ಕರ ಹೆತ್ತ ತಾಯಿಯ ಮನೆಯ ಹೊಸಿಲು ಬಿಟ್ಟವನು. ಈ ಒಂದು ಮಾತಿನ ಮೇಲೆ ನನ್ನ ಮೂವತ್ತು ವರ್ಷದ ಸಂಸಾರ ನಿಂತಿತ್ತು. ಗೋಡೆಯ ಮೊಳೆಗೆ ದೇವರ ಪಟ ತೂಗುಹಾಕಿದ ಹಾಗೆ ಉಳಿದದ್ದನ್ನೆಲ್ಲ ನಾನು ಆ ಮಾತಿಗೇ ತೂಗುಹಾಕಿದ್ದೆ.

ಆದದ್ದು ಇಷ್ಟು. ಮದುವೆಯಾದ ಮೊದಲ ಆಗಸ್ಟಿನಲ್ಲಿ, ಚೊಲುಲಾದ ಅತ್ತೆಮನೆಯಲ್ಲಿ, ನೆಂಟರಿಗೆಲ್ಲ ನಾನೇ ನೊಗಾದಾ ಮಾಡಿದೆ. ದಪ್ಪ ಹಸಿರು ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿದು, ಹೊಟ್ಟೆಗೆ ಮಾಂಸ, ಸೇಬು, ಪೀಚ್ ಹಣ್ಣು ತುಂಬಿ, ಮೇಲೆ ಎಳೆ ಅಕ್ರೋಟ್ ಅರೆದ ಬಿಳಿ ಗೊಜ್ಜು ಸುರಿದು ದಾಳಿಂಬೆ ಕಾಳು ಉದುರಿಸಿದೆ. ಗೊಜ್ಜು ಸುರಿಯುವ ಮೊದಲು ಕಾಯಿಯನ್ನು ಮೊಟ್ಟೆಯ ನೊರೆಯಲ್ಲಿ ಅದ್ದಿ ಕರಿಯುವುದು ಅತ್ತೆಮನೆಯ ಪದ್ಧತಿ. ಅದಕ್ಕೆ ಹೊದ್ದದ್ದು ಅನ್ನುತ್ತಾರೆ. ನನ್ನ ತವರಿನಲ್ಲಿ ಹೊದಿಸುವ ಪದ್ಧತಿ ಇರಲಿಲ್ಲ. ಅತ್ತೆ ದೋನ್ಯಾ ಬ್ರಿಖಿದಾ ತಟ್ಟೆ ನೋಡಿದಳು, ನೆಂಟರ ಮುಖ ನೋಡಿದಳು.

"ಮೆಣಸಿನಕಾಯಿನೂ ಬರಿಮೈಲೇ ಬಂದೈತೆ, ಮಾಡಿದೋಳ ಹಂಗೆ," ಎಂದಳು.

ಉಟ್ಟ ಬಟ್ಟೆಯಲ್ಲಿ ಬಂದ ಸೊಸೆ ನಾನು. ನೆಂಟರು ನಕ್ಕರು. ಎವಾರಿಸ್ತೊ ಚಮಚ ಕೆಳಗಿಟ್ಟು ನನ್ನ ಕೈ ಹಿಡಿದ. "ಈ ಒಲೆ ಮೇಲಿಂದು ಇನ್ನು ನಂಗೆ ಬೇಡ. ನೊಗಾದಾ ತಿಂದ್ರೆ ಇವಳ ಕೈದೇ," ಎಂದವನೇ ನನ್ನನ್ನು ಕರೆದುಕೊಂಡು ಬೀದಿಗಿಳಿದ. ಬೆಟ್ಟದಾಚೆಯ ಹಲಾಪಾ ಊರಿಗೆ ಬಂದು ಮನೆ ಹೂಡಿದೆವು.

ಚರ್ಚುಗಳ ಹಳೆಯ ಆರ್ಗನ್ ವಾದ್ಯಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಪ್ರತಿ ಆಗಸ್ಟಿನಲ್ಲಿ, ಮೇರಿಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ಮುಂಚೆ, ಪ್ವೆಬ್ಲಾದ ಚರ್ಚುಗಳಿಗೆ ಹೋಗಿಬರುತ್ತಿದ್ದ. ಚೊಲುಲಾ ಅಲ್ಲಿಂದ ಕೂಗಳತೆ. "ಹೋಗಿ ತಾಯಿ ಮುಖ ನೋಡ್ಕೊಂಡು ಬಾ," ಎಂದು ಬುತ್ತಿ ಕಟ್ಟುವಾಗಲೆಲ್ಲ ಹೇಳುತ್ತಿದ್ದೆ. "ಆ ದಾರಿ ಮುಗೀತು, ಚೆಲೊ," ಎನ್ನುತ್ತಿದ್ದ. ತಾಯಿ ಮಗನನ್ನು ಅಗಲಿಸಿದ ಪಾಪ ನನ್ನ ತಲೆಯ ಮೇಲಿದೆ ಎಂದು ನಾನು ಪ್ರತಿ ಶುಕ್ರವಾರ ಉಪವಾಸವಿದ್ದು ಅತ್ತೆಯ ಹೆಸರಿನಲ್ಲಿ ಜಪಮಾಲೆ ಮಾಡುತ್ತಿದ್ದೆ. ಅವಳು ಹಾಸಿಗೆ ಹಿಡಿದಾಗ ನಾನೂ ಬರುತ್ತೇನೆ ಎಂದು ಹಟ ಹಿಡಿದೆ. "ನಿನ್ನ ಮುಖ ನೋಡಲ್ಲವಂತೆ. ಬಿಡು," ಎಂದ. ಅವಳು ತೀರಿಕೊಂಡು ಕೆಲವು ವರ್ಷಗಳಾದವು. ಮಣ್ಣಿಗೂ ಅವನೊಬ್ಬನೇ ಹೋಗಿಬಂದ.

ಹಾಗಾಗಿ ಮದುವೆಯ ಮೂವತ್ತನೇ ವರ್ಷಕ್ಕೆ ಮಗಳು ನಿಯೆವೆಸ್ "ರಜಕ್ಕೆ ಎಲ್ಲಿಗೆ ಹೋಗೋಣ, ನಾನು ಕರ್ಕೊಂಡು ಹೋಗ್ತೀನಿ," ಎಂದಾಗ ಸಮುದ್ರ ಬೇಡ, ಪ್ವೆಬ್ಲಾಕ್ಕೆ ಎಂದೆ. ಒಂದು ದಿನ ಅತ್ತೆಯ ಸಮಾಧಿಗೂ ಹೋಗಬೇಕು ಎಂದೆ. ಒಳಗೊಳಗೇ ಇನ್ನೊಂದು ಹರಕೆ ಹೊತ್ತಿದ್ದೆ, ಅದನ್ನು ಯಾರಿಗೂ ಹೇಳಲಿಲ್ಲ. ಸಮಾಧಿಗೆ ಹೋಗುವ ಹಿಂದಿನ ಸಂಜೆ ನಾನು ಬಾಯಾರೆ ಹೊದ್ದದ್ದನ್ನು ಕೇಳಿ ತಿನ್ನಬೇಕು. ಮರುದಿನ ಮಣ್ಣಿನ ಮೇಲೆ ಕೈಯಿಟ್ಟು "ನಿಮ್ಮ ಹಂಗೇ ತಿಂದು ಬಂದೆ ಅತ್ತೆ, ಇನ್ನು ಸಿಟ್ಟು ಬಿಡಿ," ಎನ್ನಬೇಕು.

ಪ್ವೆಬ್ಲಾದ ಚೌಕದ ಕಮಾನುಗಳ ಕೆಳಗೆ ಕಾಫಿ ಮುಂದಿಟ್ಟುಕೊಂಡು ಆ ಸಂಜೆಯ ಊಟಕ್ಕೆ ಜಾಗ ಆರಿಸಲು ಕೂತೆವು. ನಿಯೆವೆಸ್ ಫೋನು ಹಿಡಿದು ಒಂದೊಂದನ್ನೇ ಓದಿದಳು.

"ಇದು ಮಹಡಿ ಮೇಲಂತೆ. ದೊಡ್ಡ ಚರ್ಚಿನ ಗೋಪುರ ಕೈಗೆ ಸಿಗೋ ಹಂಗೆ ಕಾಣುತ್ತಂತೆ."

"ಗೋಪುರ ಕಟ್ಟೋದು ಕೆಳಗಿಂದ ನೋಡೋಕೆ ಮಗಳೇ. ಕತ್ತು ಎತ್ಲಿ ಅಂತ," ಎಂದೆ.

"ಸರಿ ತಾಯಿ. ಇದು ನೋಡು, ಒಂದಾದ್ಮೇಲೊಂದು ಒಂಬತ್ತು ತಟ್ಟೆ ತರ್ತಾರೆ. ಇರುವೆ ಮೊಟ್ಟೆ, ಹೊಗೆ ಹಿಡಿಸಿದ ಬೆಣ್ಣೆ..."

ಎವಾರಿಸ್ತೊ ಬಗ್ಗಿ ಚಿತ್ರ ನೋಡಿದ. "ತಟ್ಟೆ ಗಾಡಿ ಚಕ್ರದಷ್ಟು, ಊಟ ಪಾದ್ರಿ ನಾಲಿಗೆ ಮೇಲಿಡೋ ರೊಟ್ಟಿಯಷ್ಟು. ಒಂಬತ್ತೂ ಮುಗಿಸ್ಕೊಂಡು ಎದುರುಗಡೆ ಟಾಕೋ ಗಾಡಿಗೆ ಓಡ್ಬೇಕಾಗುತ್ತೆ."

"ನಿಂದು ಇದೇ ಆಯ್ತಪ್ಪ. ಮಗಳು ಒಂದು ದೊಡ್ಡ ಜಾಗದಲ್ಲಿ ಕೂರಿಸ್ತೀನಿ ಅಂದ್ರೂ ಗಾಡಿ ಅಂತೀಯ." ಅವಳು ಮುಂದಿನದಕ್ಕೆ ಹೋದಳು. "ದಾಳಿಂಬೆ ಅಂಗಳ. ಹಿಂದೆ ಸನ್ಯಾಸಿನಿಯರ ಮಠ ಆಗಿತ್ತಂತೆ. ಅಡುಗೆ ಹಳೇದು, ಬೆಲೆ ಮಾತ್ರ ಹೊಸದು. ಈಗ ಅಕ್ರೋಟಿನ ಕಾಲ ಅಲ್ವಾ, ನೊಗಾದಾನೇ ಅವರ..." ಎಂದವಳು ಥಟ್ಟನೆ ನಿಲ್ಲಿಸಿ ಬೆರಳು ಸರಿಸಿದಳು.

"ಅದೇ ಇರ್ಲಿ," ಎಂದೆ.

ಅಪ್ಪ ಮಗಳು ಇಬ್ಬರೂ ನನ್ನ ಮುಖ ನೋಡಿದರು.

"ಬೇಡ ಚೆಲೊ," ಎಂದ ಎವಾರಿಸ್ತೊ. "ನಿನ್ನ ಕೈದು ಬಿಟ್ಟು ತಿನ್ನಲ್ಲ ಅಂದಿದೀನಲ್ಲ. ಮಹಡಿಗೇ ಹೋಗೋಣ, ಗಾಳಿ ಚೆನ್ನಾಗಿರುತ್ತೆ."

"ಮಾತು ಕೊಟ್ಟಿದ್ದು ನಂಗೆ ತಾನೆ? ಇವತ್ತೊಂದಿನ ನಾನೇ ಬಿಡಿಸಿದೀನಿ. ತಿನ್ನು."

ಬಿಡಿಸಿದರೂ ಹಿಂಜರಿಯುತ್ತಾನಲ್ಲ ಎಂದು ನನ್ನ ಕಣ್ಣು ತುಂಬಿತು. ದೇವರೇ, ಎಂಥವನನ್ನು ಕೊಟ್ಟೆ ಎಂದುಕೊಂಡೆ.

ಅಂಗಳದ ನಡುವೆ ನಿಜವಾಗಿಯೂ ಒಂದು ದಾಳಿಂಬೆ ಮರವಿತ್ತು. ಮೇಜಿನ ಬಟ್ಟೆ ಪಾದ್ರಿಯ ನಿಲುವಂಗಿಯಷ್ಟು ಬೆಳ್ಳಗಿತ್ತು. ಕೂತೊಡನೆ ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಶುರುಮಾಡಿದೆ. ನನ್ನ ಪ್ರಾರ್ಥನೆ ಸ್ವಲ್ಪ ಉದ್ದ. ಅದು ಮುಗಿಯುವಷ್ಟರಲ್ಲಿ ಬಿಸಿ ಸೂಪಿಗೆ ಕೆನೆ ಕಟ್ಟುತ್ತದೆ ಎಂದು ಮನೆಯಲ್ಲಿ ನಗುತ್ತಾರೆ. ಬಡಿಸುವವನು ಬಂದು ಕಾದ. ಆಮೇಲೆ ನನ್ನನ್ನು ತೊಂದರೆಪಡಿಸಬಾರದೆಂದು ನನ್ನ ಗಂಡನ ಕಡೆ ತಿರುಗಿದ.

"ನೊಗಾದಾ ತಾನೆ ಸ್ವಾಮಿ? ನಿಮಗೆ ಹೊದ್ದದ್ದೋ, ಬರಿಮೈಯದ್ದೋ?"

ಎವಾರಿಸ್ತೊ ಮಡಿಸಿಟ್ಟಿದ್ದ ಕೈಬಟ್ಟೆ ಬಿಡಿಸುತ್ತಿದ್ದ ಅಂತ ಕಾಣುತ್ತದೆ, ಮಾತಿನ ಜೊತೆ ಬಟ್ಟೆ ಕೊಡವಿದ ಸದ್ದೂ ಕೇಳಿತು. "ಹೊದ್ದದ್ದು. ಯಾವಾಗ್ಲೂ ಹಂಗೇ."

ಆಮೆನ್ ಎನ್ನಲು ತೆರೆದ ಬಾಯಿ ತೆರೆದೇ ಉಳಿಯಿತು.

ಸಣ್ಣ ಮಾತು. ಪಕ್ಕದ ಮೇಜಿನವರು ತಿರುಗಿಯೂ ನೋಡಲಿಲ್ಲ. ಆದರೆ ಒಮ್ಮೆ ತಿಂದವನು ಯಾವಾಗಲೂ ಎನ್ನುವುದಿಲ್ಲ. ನನ್ನ ಒಲೆಯ ಮೇಲೆ ನಾನು ಒಂದು ಕಾಯಿಯನ್ನೂ ಹೊದಿಸಿದವಳಲ್ಲ.

"ಯಾವಾಗ್ಲೂ ಅಂದ್ರೆ ಯಾವಾಗ, ಎವಾರಿಸ್ತೊ?"

"ಏನು? ಅಯ್ಯೋ, ಬಾಯಿಗೆ ಬಂತು ಅಂದೆ. ಈ ಕಡೆಯವರೆಲ್ಲ ಹಂಗೇ ತಿಂತಾರಲ್ಲ."

ಬಡಿಸುವವನು ವಯಸ್ಸಾದವನು, ಸಂಸಾರಸ್ಥ. "ಒಂದು ಗಳಿಗೆ ಬಿಟ್ಟು ಬರ್ತೀನಿ ಸೆನ್ಯೋರಾ," ಎಂದು ಹಿಂದೆ ಸರಿದ.

ನಾನು ಮಗಳನ್ನು ನೋಡಿದೆ. ಅವಳು ತಲೆ ತಗ್ಗಿಸಿಕೊಂಡು ಹೆಬ್ಬೆರಳಿನಿಂದ ಉಳಿದ ಬೆರಳುಗಳ ತುದಿಯನ್ನು ಉಜ್ಜುತ್ತಿದ್ದಳು, ಏನೋ ಅಂಟಿದೆಯೇನೋ ಎಂಬಂತೆ. ಆಗ ನನಗೆ ಆ ಬೆರಳುಗಳು ನೆನಪಾದವು. ಎವಾರಿಸ್ತೊ ಆರ್ಗನ್ನಿನ ಕೊಳವೆಗಳ ನಡುವೆ ನುಗ್ಗಿ ಶ್ರುತಿ ಮಾಡುವಾಗ ಹೊರಗೆ ಕೂತು ಕೀಲಿಮಣೆ ಒತ್ತಿ ಹಿಡಿಯಲು ಒಬ್ಬರು ಬೇಕು. ಚಿಕ್ಕಂದಿನಿಂದ ಅವಳನ್ನೇ ಕರೆದೊಯ್ಯುತ್ತಿದ್ದ. ಮಗು ಬೆರಳ ತುದಿ ಕಪ್ಪು ಮಾಡಿಕೊಂಡು ಬರುತ್ತಿತ್ತು. "ಕೊಳವೆ ಧೂಳು," ಎನ್ನುತ್ತಿದ್ದ. ದೇವರ ವಾದ್ಯದ ಧೂಳು, ಪುಣ್ಯ ಎಂದು ನಾನು ನಿಂಬೆ ಹೋಳಿನಿಂದ ಮೆಲ್ಲಗೆ ಉಜ್ಜುತ್ತಿದ್ದೆ. ಉಜ್ಜುವ ನನ್ನ ಬೆರಳೂ ಆ ತಿಂಗಳು ಅಷ್ಟೇ ಕಪ್ಪಾಗಿರುತ್ತಿತ್ತು, ಎಳೆ ಅಕ್ರೋಟಿನ ಸಿಪ್ಪೆ ಬಿಡಿಸಿ. ಎರಡು ಕಪ್ಪನ್ನೂ ಒಂದೇ ಬಟ್ಟಲ ನೀರಲ್ಲಿ ತೊಳೆದೂ ಅವಳದೂ ಅಕ್ರೋಟಿನ ಕಪ್ಪೇ ಎಂದು ನನಗೆ ಹೊಳೆದಿರಲಿಲ್ಲ.

"ಅಪ್ಪಾ, ಹೇಳ್ಬಿಡು ಇನ್ನು," ಎಂದಳು ನಿಯೆವೆಸ್.

ಅಷ್ಟು ಹೊತ್ತಿಗೆ ಪಕ್ಕದ ಮೇಜಿನವರು ಊಟ ಮುಗಿಸಿ ಎದ್ದು, ನಮ್ಮನ್ನು ದಾಟುವಾಗ ಪದ್ಧತಿಯಂತೆ "ಉಂಡದ್ದು ಮೈಗೆ ಹತ್ತಲಿ," ಎಂದು ಹರಸಿದರು. ಈ ಹಾರೈಕೆಗೆ ಉತ್ತರ ಕೊಡದೆ ಇರುವ ಹಾಗಿಲ್ಲ. ಮೂವರೂ ಒಂದೇ ದನಿಯಲ್ಲಿ "ಗ್ರಾಸಿಯಾಸ್" ಎಂದು ವಂದಿಸಿದೆವು. ಮೇಜಿನ ಮೇಲೆ ಇನ್ನೂ ಏನೂ ಬಂದಿರಲಿಲ್ಲ.

"ಯಾವಾಗಿಂದ?" ಎಂದೆ.

"ಮಾರನೇ ವರ್ಷದಿಂದ್ಲೇ," ಎಂದ ಎವಾರಿಸ್ತೊ. "ಕೆಲಸಕ್ಕೆ ಬಂದಿದೀನಿ ಅಂತ ಯಾರೋ ಹೇಳಿ ಅವಳೇ ಚರ್ಚಿನ ಬಾಗ್ಲಿಗೆ ಬಂದ್ಲು. ತಾಯಿ ಕಣೇ. ಏನ್ ಮಾಡ್ಲಿ."

"ಹೋಗಿದ್ದು ತಪ್ಪಲ್ಲ. ಹೋಗು ಅಂದೋಳೇ ನಾನು. ಹೋಗಿಬಂದು ಹೋಗಿಲ್ಲ ಅಂದೆಯಲ್ಲ." ಮತ್ತೆ ಕೇಳಿದೆ, "ನನ್ನ ಮುಖ ನೋಡಲ್ಲ ಅಂತ ಅವಳು ಅಂದ್ಲಾ?"

ಅವನು ಮುಳ್ಳುಚಮಚವನ್ನು ಆಚೆ ಈಚೆ ತಿರುಗಿಸಿದ. ಉತ್ತರ ಮಗಳಿಂದ ಬಂತು.

"ಇಲ್ಲಮ್ಮಾ. ಅಜ್ಜಿ ಪ್ರತಿ ಸಲ ಎಲ್ಲಾನೂ ಹೊದಿಸಿ ಒಂದನ್ನ ಮಾತ್ರ ಹಂಗೇ ಬಿಡ್ತಿದ್ಲು. ತಟ್ಟೆಲಿಟ್ಟು ಮುಚ್ಚಿ, ಬಾಗಿಲ ಕಡೆ ನೋಡೋಳು. 'ಬರಿಮೈದು ಅವಳಿಗೆ. ಬಂದೌಳಾ?' ಅಂತ ಕೇಳೋಳು."

"ನೀನು ಏನಂದೆ ಎವಾರಿಸ್ತೊ, ನಿಮ್ಮಮ್ಮಂಗೆ?"

"ನಿಂಗಿನ್ನೂ ಕೋಪ ಇಳಿದಿಲ್ಲ ಅಂದೆ."

ದಾಳಿಂಬೆ ಮರದಿಂದ ಒಂದು ಎಲೆ ಬಿತ್ತು. ಅದು ಬಿದ್ದ ಜಾಗವನ್ನೇ ನೋಡುತ್ತ ಕೂತೆ.

"ಆವತ್ತು ಆ ಮನೆಯಿಂದ ಇಳಿದಾಗ ನನ್ನ ಹೆಂಗೆ ನೋಡ್ದೆ ಗೊತ್ತಾ ಚೆಲೊ," ಎಂದ. ಅವನ ದನಿ ತೀರ ಇಳಿದಿತ್ತು. "ಯಾರೂ ನನ್ನ ಹಂಗೆ ನೋಡಿರ್ಲಿಲ್ಲ. ಆಮೇಲೂ ನೀನು ಹಂಗೇ ನೋಡ್ತಿದ್ದೆ. ರಾಜಿಯಾದ್ರೆ ಅದು ಹೋಗ್ಬಿಡುತ್ತೆ ಅಂತ..."

ಸುಳ್ಳಲ್ಲ ಅದು. ಅವನು ಆ ಸಂಜೆ ಹೇಳಿದ ಅತಿ ನಿಜವಾದ ಮಾತು ಅದೇ. ಅದಕ್ಕೇ ಅದು ಹೆಚ್ಚು ಇರಿಯಿತು. ಅವನು ಮೆರೆಯಲಿ ಎಂದು ಬೆಟ್ಟದ ಆಚೆಗೊಂದು, ಈಚೆಗೊಂದು ಹೆಣ್ಣು ಒಬ್ಬರನ್ನೊಬ್ಬರು ಕಲ್ಲೆಂದುಕೊಂಡು ಮುದುಕಿಯರಾದೆವು. ಅವಳು ಮುಚ್ಚಿಟ್ಟ ತಟ್ಟೆ, ನಾನು ಹಿಡಿದ ಉಪವಾಸ ಎರಡೂ ದೇವರಿಗೆ ಕಂಡಿದ್ದವು. ಎರಡನ್ನೂ ಕಂಡ ಮನುಷ್ಯ ಎವಾರಿಸ್ತೊ ಒಬ್ಬನೇ ಎಂದುಕೊಂಡರೆ, ನನ್ನ ಮಗಳಿಗೂ ಕಂಡಿತ್ತು.

"ಹೇಳ್ಬೇಡ ಅಂದಿದ್ದ ಅಪ್ಪ. ನಾನಾಗ ಚಿಕ್ಕೋಳಮ್ಮಾ," ಎಂದಳು.

"ದೊಡ್ಡೋಳಾದ್ಮೇಲೆ?"

ಅವಳು ಮತ್ತೆ ಬೆರಳು ಉಜ್ಜಿಕೊಂಡಳು.

ಬಡಿಸುವವನು ಮರಳಿ ಬಂದು ಬಗ್ಗಿ ನಿಂತ. "ಸೆನ್ಯೋರಾ ಏನು ಆರಿಸಿದ್ರಿ?"

ಹೊದ್ದದ್ದು ಎನ್ನಲು ಅಷ್ಟು ದೂರದಿಂದ ಬಂದವಳು ನಾನು. "ಬರಿಮೈದು," ಎಂದೆ. "ನನಗೋಸ್ಕರ ಮಾಡಿಟ್ಟಿದಾರೆ."

"ಹೌದು ತಾಯಿ, ಸಿದ್ಧವಾಗೇ ಇದೆ," ಎಂದ ಅವನು, ಏನೂ ತಿಳಿಯದೆ.

ನಿಂತುಹೋಗಿದ್ದ ಪ್ರಾರ್ಥನೆಗೆ ಆಮೆನ್ ಎಂದೆ. ಬಂದದ್ದನ್ನು ನಿಧಾನವಾಗಿ, ತಟ್ಟೆಯಲ್ಲಿ ಒಂದು ಕಾಳೂ ಬಿಡದಂತೆ ತಿಂದೆ. ರುಚಿ ಹೇಗಿತ್ತು ಎಂದು ಕೇಳಿದರೆ ಹೇಳಲಾರೆ. ನೆಂಟರ ಮನೆಯಲ್ಲಿ ಬಡಿಸಿದ್ದನ್ನು ಬಿಡಬಾರದು, ಅಷ್ಟೇ. ಎವಾರಿಸ್ತೊನ ತಟ್ಟೆಯಲ್ಲಿ ಮೊಟ್ಟೆಯ ಹೊದಿಕೆ ಗೊಜ್ಜು ಕುಡಿದು ಮೆತ್ತಗಾಗಿ ಜಾರುತ್ತಿತ್ತು.

"ನಾಳೆ ಚೊಲುಲಾಕ್ಕೆ ಎಷ್ಟೊತ್ತಿಗೆ ಹೊರಡೋಣ?" ಎಂದು ಕೇಳಿದ.

"ನಾನೊಬ್ಳೇ ಹೋಗ್ತೀನಿ. ಆಗಸ್ಟ್ ಅಲ್ವಾ, ನಿಂಗೆ ಆರ್ಗನ್ ಕೆಲಸ ಇರುತ್ತೆ."

"ನಾನು ಬರ್ಲಾ ಅಮ್ಮಾ?" ಎಂದಳು ನಿಯೆವೆಸ್. "ಸಮಾಧಿ ಎಲ್ಲಿದೆ ಅಂತ ನಿಂಗೆ ಗೊತ್ತಿಲ್ಲ."

"ಕೇಳ್ಕೊಂಡು ಹೋಗ್ತೀನಿ," ಎಂದೆ. ಬಾಗಿಲು ನೋಡುತ್ತ ಕೂತವಳನ್ನು ಊರಲ್ಲಿ ಯಾರೂ ಮರೆತಿರುವುದಿಲ್ಲ.